ಸೂರಕ್ಕಿ ಮರಿಗೆ ಜೇನುನೀರು ಹಿಂಡಬೇಡಿ: ಶಿರಸಿಯ ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಸಿದ್ದಾಪುರದ ಸದಸ್ಯೆ: ಡಾಕ್ಟರರಿಗೆ ನಮಸ್ಕಾರ. ಜಗಲಿಯ ಎದುರಿನ ದಾಸವಾಳದ ಟೊಂಗೆಯಲ್ಲಿ ಸೂರಕ್ಕಿ ಕಟ್ಟಿದ್ದ ಜೋಲುಗೂಡು ನಿನ್ನೆ ಸಂಜೆಯ ಗಾಳಿಮಳೆಗೆ ಕಿತ್ತು ಬಿದ್ದಿದೆ. ಒಳಗೆ ಎರಡು ಮರಿಗಳಿವೆ. ಕಣ್ಣು ಈಗಷ್ಟೇ ಬಿಡುತ್ತಿವೆ, ರೆಕ್ಕೆಯಲ್ಲಿ ಗರಿಗಳು ಸೂಜಿಮೊನೆಯಂತೆ ಮೂಡಿವೆ. ವಾಟ್ಸಾಪಿನಲ್ಲಿ ಬಂದ ಸಲಹೆಯಂತೆ ರಾತ್ರಿ ನಾಲ್ಕು ಸಲ ಹತ್ತಿಯಿಂದ ಜೇನುನೀರು ಹಿಂಡಿದೆ. ಬೆಳಗಿನಿಂದ ಒಂದು ಮರಿ ಬಾಯಿ ತೆರೆದೇ ಉಸಿರಾಡುತ್ತಿದೆ, ಪ್ರತಿ ಉಸಿರಿಗೂ ಚಿಟಿಕೆ ಹೊಡೆದಂಥ ಸಣ್ಣ ಸದ್ದು ಬರುತ್ತಿದೆ. ತಾಯಿಹಕ್ಕಿ ಇನ್ನೂ ಆ ಗಿಡವನ್ನೇ ಸುತ್ತುತ್ತಿದೆ. ಏನು ಮಾಡಲಿ?

ಪಶುವೈದ್ಯರು: ಅಕ್ಕ, ಮೊದಲು ಬಾಯಿಗೆ ಏನನ್ನೂ ಹಾಕುವುದನ್ನು ನಿಲ್ಲಿಸಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಮೇಲಿನಿಂದ ಹಿಂಡಿದ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುವುದು ಬಹಳ ಸುಲಭ. ನಿಮಗೆ ಕೇಳಿಸುತ್ತಿರುವ ಸದ್ದು ಅದರದೇ ಎಂಬುದು ನನ್ನ ಭಯ. ಸೂರಕ್ಕಿ ಮಕರಂದ ಹೀರುವುದು ನಿಜ, ಆದರೆ ಮರಿಗಳನ್ನು ಬೆಳೆಸುವುದು ಮುಖ್ಯವಾಗಿ ಜೇಡ ಮತ್ತು ಸಣ್ಣ ಕೀಟಗಳ ಮೇಲೆ. ಗರಿ ಮೂಡುವ ಈ ವಯಸ್ಸಿನಲ್ಲಿ ಬೇಕಾದ ಪ್ರೋಟೀನ್ ಜೇನಿನಲ್ಲಿ ಇಲ್ಲ. ಸದ್ದು ಮಾಡುವ ಮರಿಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬೆಚ್ಚಗಿನ ನೀರಿನ ಬಾಟಲಿಯ ಪಕ್ಕ ಇಟ್ಟು ಈಗಲೇ ನನ್ನಲ್ಲಿಗೆ ಕಳಿಸಿ.

ಇನ್ನೊಂದು ಮರಿಯನ್ನು ಉಳಿಸುವ ಶಕ್ತಿ ನನಗಿಂತ ಅದರ ತಾಯಿಗೇ ಹೆಚ್ಚು. ಅಡಿಕೆ ಹಾಳೆಯಿಂದ ಸಣ್ಣ ಕೊಟ್ಟೆ ಮಾಡಿ, ನೀರು ಬಸಿಯಲು ಅಡಿಯಲ್ಲಿ ನಾಲ್ಕು ತೂತು ಕೊರೆದು, ಬಿದ್ದ ಗೂಡನ್ನೇ ಅದರೊಳಗೆ ಕೂರಿಸಿ. ಮರಿ ನಿಮ್ಮ ಅಂಗೈಗೆ ಬೆಚ್ಚಗೆ ತಾಗುವವರೆಗೆ ಕಾದು ಒಳಗಿಡಿ. ಕೊಟ್ಟೆಯನ್ನು ಅದೇ ಟೊಂಗೆಗೆ, ಅದೇ ಎತ್ತರದಲ್ಲಿ, ಬಾಯಿ ಮೊದಲಿನ ದಿಕ್ಕಿಗೇ ಬರುವಂತೆ ಕಟ್ಟಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ಸುಳ್ಳು. ಒಳಗಿನ ಕಿಟಕಿಯಿಂದ ಒಂದು ಗಂಟೆ ನೋಡಿ, ಜಗಲಿಗೆ ಯಾರೂ ಬರುವುದು ಬೇಡ, ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ.

ಕುಮಟಾದ ಸದಸ್ಯ: ಹಾಲಿಗೆ ಚಿಟಿಕೆ ಅರಿಶಿನ ಹಾಕಿ ಕೊಟ್ಟರೆ ಮರಿಗೆ ಶಕ್ತಿ ಬರುತ್ತದೆ ಎಂಬ ಸಂದೇಶ ನನಗೂ ಬಂದಿದೆ. ಎಲ್ಲರ ಉಪಯೋಗಕ್ಕೆ ಇಲ್ಲಿ ಹಾಕಲೇ?

ಪಶುವೈದ್ಯರು: ಬೇಡ. ಹಕ್ಕಿಗೆ ಹಾಲು ಜೀರ್ಣವಾಗುವುದಿಲ್ಲ. ಒಂದು ಮರಿ ಉಸಿರಿಗಾಗಿ ಒದ್ದಾಡುತ್ತಿರುವುದು ಇಂಥದೇ ಸಂದೇಶದಿಂದ. ದಯವಿಟ್ಟು ಅದನ್ನು ಮುಂದೆ ಕಳಿಸದೆ ಅಳಿಸಿ.

ಅಂಕೋಲಾದ ಸದಸ್ಯೆ: ಜೇನು ಬೇಡವಾದರೆ ಸಕ್ಕರೆ ನೀರು ಕೊಡಬಹುದೇ?

ಪಶುವೈದ್ಯರು: ಮರಿಗೆ ಕೊಡಬಾರದು. ಕಾರಣ ಮೇಲೆ ಬರೆದಿದ್ದೇನೆ.

ಕಾರವಾರದ ಸದಸ್ಯ: ನಮ್ಮ ಕಾರಿನ ಕನ್ನಡಿಗೆ ಒಂದು ಗಂಡು ಸೂರಕ್ಕಿ ದಿನವೂ ಕುಟ್ಟುತ್ತದೆ. ಅದಕ್ಕೆ ತಲೆ ಕೆಟ್ಟಿದೆಯೇ?

ಪಶುವೈದ್ಯರು: ತನ್ನ ಬಿಂಬವನ್ನು ಎದುರಾಳಿ ಎಂದುಕೊಂಡಿದೆ. ಕನ್ನಡಿಗೆ ಬಟ್ಟೆ ಕಟ್ಟಿ.

ಯಲ್ಲಾಪುರದ ಸದಸ್ಯ: ನಮ್ಮ ತೋಟದ ಬಾಳೆಹೂವಿಗೆ ಬರುವ ಗಂಡಿನ ಬೆನ್ನು ಕಡುಗೆಂಪು, ಎದೆಯಲ್ಲೂ ಕೆಂಪು ಪಟ್ಟಿ ಇದೆ. ಕಾರವಾರದಲ್ಲಿ ಕಾಣುವ ಪರ್ಪಲ್ ರಂಪ್ಡ್ ಸೂರಕ್ಕಿಯ ಘಟ್ಟದ ಉಪಜಾತಿ ಇದು ಎಂದು ನನ್ನ ಅಭಿಪ್ರಾಯ.

ದಾಂಡೇಲಿಯ ಸದಸ್ಯ: ಅಲ್ಲ. ಅದು ಕ್ರಿಮ್ಸನ್ ಬ್ಯಾಕ್ಡ್ ಸೂರಕ್ಕಿ, ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಬೇರೆಯೇ ಜಾತಿ. ಹೆಣ್ಣನ್ನು ನೋಡಿ, ಬಾಲದ ಬುಡದ ಮೇಲೆ ಕೆಂಪು ಇರುತ್ತದೆ. ಪರ್ಪಲ್ ರಂಪ್ಡ್ ಹೆಣ್ಣಿಗೆ ಆ ಕೆಂಪು ಇಲ್ಲ, ಗಂಟಲು ಮಾತ್ರ ಬಿಳಿ. ಪರ್ಪಲ್ ರಂಪ್ಡ್‌ಗೆ ಉಪಜಾತಿಗಳು ಇರುವುದು ನಿಜ: 1766ರಲ್ಲಿ ವಿಜ್ಞಾನಿ ಲಿನೇಯಸ್ ಹೆಸರಿಟ್ಟ ಝೈಲೋನಿಕಾ ಶ್ರೀಲಂಕಾದ್ದು, ನಮ್ಮ ಕಡೆಯದು ಫ್ಲಾವಿವೆಂಟ್ರಿಸ್. ಕಾರವಾರದಲ್ಲೂ ಯಲ್ಲಾಪುರದಲ್ಲೂ ಅದೇ.

ಯಲ್ಲಾಪುರದ ಸದಸ್ಯ: ಪುಸ್ತಕದ ಮಾತು ಬದಲಾಗುತ್ತದೆ. ಘಟ್ಟದ ವಿಗರ್ಸ್ ಸೂರಕ್ಕಿಯನ್ನೂ ಹಿಂದೆ ಕ್ರಿಮ್ಸನ್ ಸೂರಕ್ಕಿಯ (ಇದು ಕ್ರಿಮ್ಸನ್ ಬ್ಯಾಕ್ಡ್ ಅಲ್ಲ, ಬೇರೆ ಜಾತಿ) ಉಪಜಾತಿ ಎಂದೇ ಪರಿಗಣಿಸಿದ್ದರಲ್ಲವೇ?

ದಾಂಡೇಲಿಯ ಸದಸ್ಯ: ಅದು ಉಪಜಾತಿಯಿಂದ ಜಾತಿಯಾದ ಕಥೆ, ನೀವು ಜಾತಿಯನ್ನು ಉಪಜಾತಿ ಮಾಡಲು ಹೊರಟಿದ್ದೀರಿ. ಮರಿ ಮಾಡುವ ಕಾಲ ಮುಗಿದ ಮೇಲೆ ಕ್ರಿಮ್ಸನ್ ಬ್ಯಾಕ್ಡ್ ಗಂಡು ಬಣ್ಣ ಕಳೆದುಕೊಂಡು ಹೆಣ್ಣಿನಂತೆ ಮಂಕಾಗುತ್ತದೆ, ಪರ್ಪಲ್ ರಂಪ್ಡ್ ಗಂಡು ಹಾಗಾಗುವುದಿಲ್ಲ. ಇದನ್ನಾದರೂ ತೋಟದಲ್ಲಿ ಗಮನಿಸಿದ್ದೀರಾ?

ಯಲ್ಲಾಪುರದ ಸದಸ್ಯ: ಮೂವತ್ತು ವರ್ಷದಿಂದ ತೋಟದಲ್ಲೇ ಇದ್ದೇನೆ. ನಿಮ್ಮಿಂದ ಕಲಿಯುವ ಅಗತ್ಯವಿಲ್ಲ.

ಹೊನ್ನಾವರದ ಸದಸ್ಯೆ: ಸೂರಕ್ಕಿ ಎಷ್ಟು ವರ್ಷ ಬದುಕುತ್ತದೆ?

ಭಟ್ಕಳದ ಸದಸ್ಯ: ಮರಿಯನ್ನು ಪಂಜರದಲ್ಲಿಟ್ಟು ದೊಡ್ಡದು ಮಾಡಿದರೆ ಹೇಗೆ?

ಪಶುವೈದ್ಯರು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ದಾಂಡೇಲಿಯವರು ಹೇಳಿದ್ದು ಸರಿ, ಆದರೆ ಇಬ್ಬರೂ ಈ ವಾದವನ್ನು ಬೇರೆ ಕಡೆ ಮುಂದುವರಿಸಿ. ನಾನು ಇಲ್ಲಿ ಸಿದ್ದಾಪುರದ ಅಕ್ಕನ ಉತ್ತರಕ್ಕಾಗಿ ಹುಡುಕುತ್ತಿದ್ದೇನೆ.

ಅಂಕೋಲಾದ ಸದಸ್ಯೆ: ಗ್ಲೂಕೋಸ್ ನೀರಾದರೆ?

ಪಶುವೈದ್ಯರು: ಜೇನು, ಸಕ್ಕರೆ, ಗ್ಲೂಕೋಸ್ ಯಾವುದೂ ಬೇಡ. ಇನ್ನು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಸಿದ್ದಾಪುರದ ಸದಸ್ಯೆ: ಡಾಕ್ಟರರೇ, ಪೆಟ್ಟಿಗೆ ಹಿಡಿದು ಮಗ ಹೊರಡುವಷ್ಟರಲ್ಲಿ ಆ ಮರಿ ಸತ್ತಿತು. ನನ್ನ ಕೈಯಿಂದಲೇ ಹೋಯಿತು ಎಂದು ಸಂಕಟವಾಗುತ್ತಿದೆ. ಇನ್ನೊಂದನ್ನು ನೀವು ಹೇಳಿದಂತೆ ಕಟ್ಟಿದೆವು. ನಲವತ್ತು ನಿಮಿಷ ತಾಯಿ ಟೊಂಗೆಯಿಂದ ಟೊಂಗೆಗೆ ಹಾರಿ ಕೂಗಿತು. ಆಮೇಲೆ ಕೊಕ್ಕಿನಲ್ಲಿ ಜೇಡ ಹಿಡಿದು ಬಂದು ಕೊಟ್ಟೆಯ ಅಂಚಿಗೆ ತಲೆಕೆಳಗಾಗಿ ಜೋತು ಒಳಗೆ ಕೊಕ್ಕು ಹಾಕಿತು. ಈವರೆಗೆ ಮೂರು ಸಲ ಬಂದಿದೆ.

ಪಶುವೈದ್ಯರು: ಅಕ್ಕ, ನಿಮಗೆ ತಪ್ಪು ಹೇಳಿಕೊಟ್ಟವರು ಬೇರೆ. ಕೊಟ್ಟೆಯನ್ನು ಇಣುಕಿ ನೋಡಬೇಡಿ. ರಾತ್ರಿ ಮಳೆ ಬರುವ ಹಾಗಿದ್ದರೆ ಅದರ ಮೇಲೆ ಒಂದು ಹಾಳೆಯನ್ನು ಮಾಡಿನಂತೆ ಕಟ್ಟಿ, ಆದರೆ ಕತ್ತಲಾಗುವ ಮೊದಲೇ ಕಟ್ಟಿ ಮುಗಿಸಿ; ಕತ್ತಲಾದ ಮೇಲೆ ತಾಯಿ ಒಳಗಿದ್ದರೆ ಬೆದರಿ ಹಾರಿಹೋಗುತ್ತದೆ.