ಪಿಎಸ್2 ಆಟಕ್ಕೆ ಲ್ಯಾಗ್: ಕನ್ಸೋಲ್ ರಿಪೇರಿಯವರನ್ನು ಕೇಳಿ

ಹಾಸನ: ಸರ್, ಕಂಪ್ಯೂಟರ್‌ನಲ್ಲಿ ಪಿಎಸ್2 (ಪ್ಲೇಸ್ಟೇಷನ್ 2) ಆಟ ಓಡಿಸುವ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ನಲ್ಲಿ ‘ಶ್ಯಾಡೋ ಆಫ್ ದಿ ಕೊಲೋಸಸ್’ ಆಡ್ತಿದ್ದೇನೆ. ಡಿಸ್ಕ್ ನನ್ನದೇ. ದೈತ್ಯನ ಬೆನ್ನೇರಿ ಕೂದಲು ಹಿಡಿದ ತಕ್ಷಣ ಚಿತ್ರ ತಡವರಿಸುತ್ತೆ. ಆದರೆ ಮೂಲೆಯಲ್ಲಿ ವೇಗ 100% ಅಂತಲೇ ಇದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ರಿಪೇರಿಯವರು: ಬೇಡ, ಸುಮ್ನೆ ದುಡ್ಡು ಹಾಕಬೇಡಿ. 100% ಇದೆ ಅಂದರೆ ನಿಮ್ಮ ಕಂಪ್ಯೂಟರ್ ಸೋತಿಲ್ಲ. ಸೋತಿರೋದು ಹಳೆಯ ಪಿಎಸ್2. 2005ರಲ್ಲಿ ಈ ಆಟ ಬಂದಾಗ ಅಸಲಿ ಯಂತ್ರದಲ್ಲೂ ಇಂಥ ಜಾಗಗಳಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) 30ಕ್ಕಿಂತ ಕೆಳಗಿಳಿಯುತ್ತಿತ್ತು. ಅದರ ಪ್ರೊಸೆಸರ್ ಸುಮಾರು 295 ಮೆಗಾಹರ್ಟ್ಸ್‌ನದು. ಎಮ್ಯುಲೇಟರ್ ಆ ಯಂತ್ರದ ಸುಸ್ತನ್ನೂ ನಿಯತ್ತಾಗಿ ನಕಲು ಮಾಡುತ್ತೆ.

ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಇಇ ಸೈಕಲ್ ರೇಟ್, ಅಂದರೆ ನಕಲು ಪಿಎಸ್2 ಪ್ರೊಸೆಸರ್‌ನ ವೇಗ, 130% ಮಾಡಿ. ಮತ್ತೆ ದೈತ್ಯನನ್ನು ಏರಿ, ಮೂಲೆ ನೋಡಿ. ವೇಗ 100ರಲ್ಲೇ ನಿಂತರೆ 180% ಹಾಕಿ ನೋಡಿ. ಕೆಳಗೆ ಬಿದ್ದರೆ ಈಗ ನಿಮ್ಮ ಕಂಪ್ಯೂಟರ್‌ಗೇ ಭಾರವಾಯಿತು, ಹಿಂದಕ್ಕೆ ಬನ್ನಿ. ಎಲ್ಲ ಆಟಕ್ಕೂ ಇದನ್ನೇ ಹಾಕಬೇಡಿ, ಕೆಲವು ಕೆಟ್ಟುಹೋಗುತ್ತವೆ. ಏನಾಯ್ತು ಅಂತ ಬಂದು ಹೇಳಿ.

ತುಮಕೂರು: ನನಗೆ 50 ಫ್ರೇಮ್ ಮಾತ್ರ ಬರ್ತಿದೆ. 60 ಮಾಡೋದು ಹೇಗೆ?

ರಿಪೇರಿಯವರು: ನಿಮ್ಮದು ಪಾಲ್ ಡಿಸ್ಕ್, ಯುರೋಪ್ ಕಡೆಯ ಟಿವಿ ಪದ್ಧತಿಯದು. 50 ಅಂದರೆ ಪೂರ್ತಿ ವೇಗ. ಈ ವಾರ ಇದೇ ಪ್ರಶ್ನೆ ಮೂರನೇ ಸಲ.

ಹುಬ್ಬಳ್ಳಿ: ವಾಟ್ಸಾಪ್‌ನಲ್ಲಿ ಬಂದದ್ದು ಹಾಕ್ತಿದ್ದೇನೆ. ಸೈಕಲ್ ಸ್ಕಿಪ್ 3 ಇಡಿ, ಆಂಟಿವೈರಸ್ ಆಫ್ ಮಾಡಿ, ಈ ಜಿಪ್‌ನಿಂದ ಬಯೋಸ್ (ಪಿಎಸ್2 ಒಳಗಿನ ಮೂಲ ಸಾಫ್ಟ್‌ವೇರ್) ಹಾಕಿ. ಯಾವ ಆಟವಾದರೂ ಸಲೀಸಾಗಿ ಓಡುತ್ತೆ.

ರಿಪೇರಿಯವರು: ದಯವಿಟ್ಟು ಅಳಿಸಿ. ಆಂಟಿವೈರಸ್ ಆಫ್ ಮಾಡು ಅನ್ನುವ ಜಿಪ್ ಯಾರೂ ತೆರೆಯಬೇಡಿ. ಬಯೋಸ್ ನಿಮ್ಮದೇ ಪಿಎಸ್2ನಿಂದ ತೆಗೆಯಬೇಕು. ಸ್ಕಿಪ್ ಜಾಸ್ತಿ ಮಾಡಿದರೆ ಪ್ರೊಸೆಸರ್ ಕೆಲಸವನ್ನೇ ಬಿಡುತ್ತಾ ಹೋಗುತ್ತೆ. ಮೂಲೆಯ ಅಂಕಿ ಚೆನ್ನಾಗಿ ಕಾಣುತ್ತೆ, ಆಟ ಇನ್ನೂ ಎಗರುತ್ತೆ.

ಹುಬ್ಬಳ್ಳಿ: ನನಗಂತೂ ಸರಿಹೋಗಿದೆ ರೀ.

ಉಡುಪಿ: ಇದೆಲ್ಲ ಯಾಕೆ? ಅಸಲಿ ಪಿಎಸ್2, ಹಳೆಯ ಡಬ್ಬಾ ಟಿವಿ ಇದ್ದರೆ ಸಾಕು.

ಹುಬ್ಬಳ್ಳಿ: ಡಿಸ್ಕ್ ಓದುವ ಲೆನ್ಸ್ ಹೋದ ಮೇಲೆ ಡಬ್ಬಾ ಟಿವಿಯಲ್ಲಿ ಏನು ನೋಡ್ತೀರಿ?

ಉಡುಪಿ: ಲೆನ್ಸ್ ಬದಲಿಸಬಹುದು. ಕದ್ದ ಬಯೋಸ್ ಹಂಚುವವರಿಂದ ಪಾಠ ಬೇಡ.

ಹುಬ್ಬಳ್ಳಿ: ಕಳ್ಳ ಅಂತೀರಾ? ಮಾತು ನೋಡ್ಕೊಂಡು ಆಡ್ರಿ.

ಬೀದರ್: ಮೊಬೈಲ್‌ನಲ್ಲಿ ಆಡಬಹುದಾ ಸರ್?

ಮಂಡ್ಯ: ಲ್ಯಾಪ್‌ಟಾಪ್‌ನಲ್ಲಿ ವೇಗ 70%. ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ 99% ತೋರಿಸ್ತಿದೆ.

ರಿಪೇರಿಯವರು: ರೆಸಲ್ಯೂಷನ್ 4 ಪಟ್ಟಿನಿಂದ 2ಕ್ಕೆ ಇಳಿಸಿ. ಚಾರ್ಜರ್ ಹಾಕಿಕೊಂಡು ಆಡಿ.

ಗದಗ: ಸರ್, ನನಗೂ 50 ಫ್ರೇಮ್ ಮಾತ್ರ...

ರಿಪೇರಿಯವರು: ಮೇಲೆ ಓದಿ.

ಉಡುಪಿ: ಅಡ್ಮಿನ್ ಆ ಜಿಪ್ ಇನ್ನೂ ತೆಗೆದಿಲ್ಲ ಯಾಕೆ?

ಹಾಸನ: ಸರ್, 130ರಲ್ಲಿ ತಡವರಿಕೆ ಹೋಯ್ತು! 180ಕ್ಕೆ ಹಾಕಿದೆ, ವೇಗ 88ಕ್ಕೆ ಬಿತ್ತು, ಸೌಂಡ್ ಕಡಿದು ಕಡಿದು ಬಂತು.

ರಿಪೇರಿಯವರು: ಸಂತೋಷ. 130ಕ್ಕೇ ಬಿಡಿ. ಎಂಟಿವಿಯು (ಪಿಎಸ್2ನ ಒಂದು ಘಟಕದ ಕೆಲಸವನ್ನು ಬೇರೆ ಕೋರ್‌ಗೆ ಹಂಚುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ನಾಲ್ಕು ಕೋರ್ ಇದ್ದರೆ ಅದು ಆನ್ ಇರಲಿ. ಉಳಿದಿಬ್ಬರು ಜಗಳ ಬೇರೆ ಕಡೆ ಆಡಿ, ಇಲ್ಲಿ ಪ್ರಶ್ನೆಗಳೇ ಕಾಣುತ್ತಿಲ್ಲ.

ಬೀದರ್: ಮೊಬೈಲ್ ಸರ್?