ನಗರಸಭೆ ಕೊಡುವ ಶಿಲ್ಪಿಗಳ ಫೆಲೋಶಿಪ್‌ಗೆ ಪರಸಿ ಕಲ್ಲಿನ ಪ್ರಾಜೆಕ್ಟ್ ಬರೆಯಬಹುದಾ?

ಪರಸಿಕಲ್ಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಶಿಲ್ಪಕಲೆಯಲ್ಲಿ ಎಂ.ವಿ.ಎ. ಮುಗಿಸಿ ಮೂರು ವರ್ಷ ಆಯ್ತು. ಜರ್ಮನಿಯ ಒಂದು ಊರಿನ ನಗರಸಭೆ ಸಮಕಾಲೀನ ಶಿಲ್ಪಿಗಳಿಗೆ ಅಂತಲೇ ರೆಸಿಡೆನ್ಸಿ ಫೆಲೋಶಿಪ್ ಕೊಡುತ್ತಿದೆ. ಆರು ತಿಂಗಳು ಅಲ್ಲೇ ಇರಬೇಕು. ಮನೆ, ಸ್ಟುಡಿಯೋ ಅವರದೇ, ತಿಂಗಳಿಗೆ ಸ್ಟೈಪೆಂಡ್, ಕೊನೆಗೆ ಒಂದು ಪ್ರದರ್ಶನ.

ನಮ್ಮಪ್ಪ ಶಹಾಬಾದಿನ ಖಣಿಯಲ್ಲಿ ಮೂವತ್ತು ವರ್ಷ ಪರಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣಕಲ್ಲಿನ ಹಲಗೆ, ಎಬ್ಬಿಸಿದವರು. ನಾನು ಕೆತ್ತುವುದೂ ಅದೇ ಕಲ್ಲು. ಆದರೆ ಪರಸಿ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಸುತ್ತಲೂ ಕೆತ್ತಿ ನಿಲ್ಲಿಸುವ ಮೂರ್ತಿಗೆ ಬರುವುದಿಲ್ಲ, ಹಾಗಾಗಿ ನನ್ನದೆಲ್ಲ ಉಬ್ಬು ಕೆತ್ತನೆಯೇ. ಇದು ಸಮಕಾಲೀನ ಅಂತ ಅನಿಸುವುದಿಲ್ಲ, ಫೈಬರ್ ಕೆಲಸ ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ಹೊಟ್ಟೆಪಾಡಿಗೆ ಫೈಬರ್ ಮೂರ್ತಿ ಮಾಡುತ್ತೇನೆ ನಿಜ, ಬಸವಣ್ಣ, ಅಂಬೇಡ್ಕರ್, ಆರ್ಡರ್ ಬಂದಿದ್ದೆಲ್ಲ. ಅವನ್ನು ಪೋರ್ಟ್‌ಫೋಲಿಯೊದಲ್ಲಿ ಸೇರಿಸಬೇಕಾ? ಕಲ್ಲು ಇಲ್ಲಿಂದ ಒಯ್ಯಬಹುದಾ? ಇನ್ನೊಂದು, 'ನಮ್ಮ ಊರೇ ಯಾಕೆ' ಅಂತ ಎರಡು ಪುಟ ಬರೆಯಬೇಕಂತೆ. ನಾನು ಆ ಊರು ನೋಡೇ ಇಲ್ಲ. ಏನು ಬರೆಯಲಿ?

ಭೀಮಾತೀರ, ಯಾದಗಿರಿ

ತಂಗಿ, ಮೊದಲು ಅರ್ಜಿ ಹಾಕು. ನಾನು ಯುರೋಪಿನಲ್ಲಿ ಇಂಥದ್ದೇ ಒಂದು ಕಡೆ ನಾಲ್ಕು ತಿಂಗಳು ಇದ್ದು ಬಂದವನು.

ಕಲ್ಲು ಹೊತ್ತುಕೊಂಡು ಹೋಗಬೇಡ. ಒಂದಡಿ ಚದರದ, ಒಂದಿಂಚು ದಪ್ಪದ ಪರಸಿಯೇ ಸುಮಾರು 6 ಕಿಲೋ ಆಗುತ್ತದೆ, 23 ಕಿಲೋ ಬ್ಯಾಗಿಗೆ ಮೂರು ಹಾಕಿದರೆ ಮುಗೀತು. ಪೆಟ್ಟಿಗೆ ಮಾಡಿ ಕಳಿಸೋಣ ಅಂದರೆ ಕಾಯಿಸಿ ಮುದ್ರೆ ಒತ್ತಿದ ಮರವೇ ಆಗಬೇಕು, ಸುಮ್ನೆ ಸಿಕ್ಕ ಹಲಗೆ ನಡೆಯುವುದಿಲ್ಲ. ಒಂದು ಸಣ್ಣ ತುಂಡು ಒಯ್ಯಿ ಸಾಕು. ಉಳಿ, ಚಾಣ ಮಾತ್ರ ನಿನ್ನವೇ ಇರಲಿ, ಕೈಗೆ ಪಳಗಿದವು ಅಲ್ವಾ. ಅವನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕು.

ಈಗ ಮುಖ್ಯ ಮಾತು. ಜರ್ಮನಿಯಲ್ಲೂ ಒಂದು ಪರಸಿ ಇದೆ! ಬವೇರಿಯಾದ ಸೋಲ್ನ್‌ಹೋಫೆನ್ ಅನ್ನುವ ಊರಿನ ಸುಣ್ಣಕಲ್ಲು. ನಮ್ಮದರ ಹಾಗೇ ತೆಳ್ಳಗೆ ಹಲಗೆಯಂತೆ ಬಿಚ್ಚುತ್ತದೆ, ಅವರೂ ಅದನ್ನು ನೆಲಕ್ಕೇ ಹಾಸುತ್ತಾರೆ. ಕಾಲೇಜಿನಲ್ಲಿ ಲಿಥೋಗ್ರಫಿ ಕಲ್ಲು ನೋಡಿರಬಹುದು, ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಒತ್ತುವ ಆ ವಿದ್ಯೆ 1790ರ ದಶಕದ ಕೊನೆಗೆ ಹುಟ್ಟಿದ್ದೇ ಈ ಕಲ್ಲಿನ ಮೇಲೆ. ಹಕ್ಕಿಗಳ ಪೂರ್ವಜ ಅನ್ನುವ ಆರ್ಕಿಯಾಪ್ಟೆರಿಕ್ಸ್‌ನ ಪಳೆಯುಳಿಕೆ ಸಿಕ್ಕಿದ್ದೂ ಅದರ ಪದರದಲ್ಲೇ. ಖಣಿಯವರ ಮಗಳು ಆ ಕಲ್ಲಿನ ಮುಂದೆ ಕೂತು ಏನು ಕೆತ್ತುತ್ತಾಳೆ ಅನ್ನುವುದೇ ನಿನ್ನ ಪ್ರಾಜೆಕ್ಟ್ ಆಗಬಹುದು.

ಉಬ್ಬು ಕೆತ್ತನೆ ಹಳೇದು ಅಂದವರ ಮಾತು ಬಿಡು. ಕನಗನಹಳ್ಳಿಗೆ ಹೋಗಿದ್ದೀಯಲ್ಲ? ಸನ್ನತಿ ಪಕ್ಕದ ಆ ಸ್ತೂಪದ ಹಾಸುಗಲ್ಲುಗಳನ್ನು ಸುಮಾರು 2000 ವರ್ಷದ ಹಿಂದೆ ಇದೇ ಸೀಮೆಯ ಸುಣ್ಣಕಲ್ಲಿನಲ್ಲಿ ಕೆತ್ತಿದ್ದಾರೆ. ಅಶೋಕ ರಾಣಿಯ ಜೊತೆ ನಿಂತಿದ್ದಾನೆ, ಬ್ರಾಹ್ಮಿ ಅಕ್ಷರದಲ್ಲಿ 'ರಾಯ ಅಸೋಕೋ' ಅಂತ ಹೆಸರೂ ಇದೆ. ಹಲಗೆಯಂಥ ಕಲ್ಲು ಸಿಕ್ಕಿತು, ಅವರು ಹಲಗೆಯ ಮೇಲೆ ಕಥೆ ಕೆತ್ತಿದರು. ನೀನು ಮಾಡುತ್ತಿರುವುದೂ ಅದೇ ಕಲ್ಲಿನ ಮಾತು ಕೇಳುವ ಕೆಲಸ. ಆರ್ಡರ್ ಮೂರ್ತಿಗಳನ್ನು ಹಾಕಬೇಡ. ಅದು ಕೀಳು ಅಂತಲ್ಲ, ಅಲ್ಲಿ ತೀರ್ಮಾನ ನಿನ್ನದಾಗಿರಲಿಲ್ಲ ಅಷ್ಟೇ.

ಎರಕದಮನೆ, ಕಲಬುರಗಿ

ಅಣ್ಣ ಹೇಳಿದ್ದು ಸರಿ. ನಾನು ಹಣದ ವಿಷಯ ಹೇಳುತ್ತೇನೆ, ಯಾಕಂದರೆ ಪೆಟ್ಟು ತಿಂದಿದ್ದೇನೆ. ಹೋದ ಕಡೆ ಸ್ಟೈಪೆಂಡ್ ಚೆನ್ನಾಗಿತ್ತು, ಆದರೆ ಕಂಚಿನ ಎರಕದ ಖರ್ಚು ಅದರಲ್ಲೇ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು. ಎರಡು ತಿಂಗಳ ದುಡ್ಡು ಒಂದೇ ಕೆಲಸಕ್ಕೆ ಹೋಯ್ತು, ಕೊನೆಗೆ ಆ ಕೆಲಸ ವಾಪಸ್ ತರಲೂ ಆಗಲಿಲ್ಲ, ಈಗಲೂ ನೆನೆದರೆ ಸಂಕಟ ಆಗುತ್ತದೆ. ಹಾಗಾಗಿ ಈಗಲೇ ಮೇಲ್ ಹಾಕಿ ಕೇಳಮ್ಮ: ಸಾಮಾನಿನ ಖರ್ಚು ಬೇರೆ ಕೊಡುತ್ತೀರಾ, ಮಾಡಿದ ಕೆಲಸ ಯಾರದು, ನಗರಸಭೆ ಒಂದು ಇಟ್ಟುಕೊಳ್ಳುತ್ತದಾ, ಸಾಗಣೆ ಯಾರು ಕೊಡುತ್ತಾರೆ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ವೀಸಾ ಮರೆಯಬೇಡ. 90 ದಿನದ ಷೆಂಗೆನ್ ವೀಸಾದಲ್ಲಿ ಆರು ತಿಂಗಳು ಇರಲು ಬರುವುದಿಲ್ಲ, ಜರ್ಮನಿಯದೇ ದೀರ್ಘಾವಧಿಯ ನ್ಯಾಷನಲ್ ವೀಸಾ ಬೇಕು. ಅದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ.

'ನಮ್ಮ ಊರೇ ಯಾಕೆ' ಅನ್ನುವುದಕ್ಕೆ ಊರನ್ನು ಹೊಗಳಬೇಡ. ಅದು ಆ ಊರಿನವರ ತೆರಿಗೆ ದುಡ್ಡು. ಅವರಿಗೆ ಬೇಕಾಗಿರುವುದು ನೀನು ಅಲ್ಲಿ ಯಾರ ಜೊತೆ ಬೆರೆಯುತ್ತೀಯ ಅನ್ನುವುದು. ಸ್ಟುಡಿಯೋ ಬಾಗಿಲು ತೆರೆದಿಡುತ್ತೇನೆ, ನೆಲಕ್ಕೆ ಕಲ್ಲು ಹಾಸುವವರನ್ನು ಕರೆಯುತ್ತೇನೆ, ಶಾಲೆ ಮಕ್ಕಳ ಕೈಗೆ ಉಳಿ ಕೊಡುತ್ತೇನೆ ಅಂತ ಬರಿ. ನಿನ್ನಿಂದ ಆಗುವುದನ್ನಷ್ಟೇ ಬರಿ.

ಬಿದ್ರಿಮನೆ, ಬೀದರ್

ಇದು ಸಿಗದಿದ್ದರೂ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ ಅಕ್ಕ. ಕಲಾವಿದರು ಹೋಗಿ ಕೆಲಸ ಮಾಡಲು ದೆಹಲಿಯಲ್ಲಿ ಲಲಿತ ಕಲಾ ಅಕಾಡೆಮಿಯ ಗಢಿ ಸ್ಟುಡಿಯೋ ಇದೆ, ಅಹಮದಾಬಾದಿನಲ್ಲಿ 1984ರಿಂದ ಕನೋರಿಯಾ ಕಲಾ ಕೇಂದ್ರ ಇದೆ.

ನನ್ನ ಆಸೆ ಬೇರೆ. ನಮ್ಮ ಮಹಾನಗರ ಪಾಲಿಕೆಗಳು ಇದನ್ನು ಯಾಕೆ ಮಾಡಬಾರದು? ಒಂದು ಖಾಲಿ ಶೆಡ್, ಮೂರು ಫೇಸ್ ಕರೆಂಟು, ನೀರು, ಒಬ್ಬ ಶಿಲ್ಪಿಗೆ ಆರು ತಿಂಗಳ ಊಟದ ಖರ್ಚು. ಶಹಾಬಾದಿನ ಕಲ್ಲು ಒಂದು ಕಡೆ, ಕೋಟೆ ಮಣ್ಣಿನಲ್ಲಿ ಕಪ್ಪಾಗುವ ನಮ್ಮ ಬಿದ್ರಿ ಇನ್ನೊಂದು ಕಡೆ. ಹೊರಗಿನವರು ಇಲ್ಲಿಗೆ ಬಂದು ಕಲಿಯುವಷ್ಟು ಇದೆ ನಮ್ಮ ಹತ್ತಿರ. ನೀವು ಹೋಗಿ ಬಂದರೆ ಆ ಊರಿನವರು ಹೇಗೆ ನಡೆಸುತ್ತಾರೆ ಅಂತ ಪೂರ್ತಿ ಬರೆದುಕೊಂಡು ಬನ್ನಿ. ಪಾಲಿಕೆಗೆ ಮನವಿ ಕೊಡಲು ನಾನೂ ಬರುತ್ತೇನೆ.

ಪರಸಿಕಲ್ಲು, ಕಲಬುರಗಿ

ಭೀಮಾತೀರ ಅಣ್ಣಾ, ಸೋಲ್ನ್‌ಹೋಫೆನ್ ಫೋಟೊ ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, 'ಪದರ ಸಣ್ಣದು, ಸಬ್ಬಲ ಹಾಕಿದರೆ ಒಡೆಯುತ್ತದೆ, ತೆಳು ಉಳಿ ಬೇಕು' ಅಂದರು. ಅದನ್ನೇ ಅರ್ಜಿಯ ಮೊದಲ ಸಾಲು ಮಾಡುತ್ತಿದ್ದೇನೆ. ಫೈಬರ್ ಫೋಟೊ ತೆಗೆದುಬಿಟ್ಟೆ. ಹಣದ ಮೇಲ್ ಇವತ್ತೇ ಕಳಿಸಿದೆ. ಬಿದ್ರಿಮನೆ ತಮ್ಮಾ, ಬರೆದುಕೊಂಡು ಬರುತ್ತೇನೆ. ಭಾನುವಾರ ಅಪ್ಪನನ್ನು ಕರೆದುಕೊಂಡು ಕನಗನಹಳ್ಳಿಗೆ ಹೋಗುತ್ತಿದ್ದೇನೆ, ಇಷ್ಟು ವರ್ಷ ಅದೇ ಕಲ್ಲಿನಲ್ಲಿ ದುಡಿದರೂ ಅವರು ಅದನ್ನು ನೋಡಿಲ್ಲವಂತೆ.