ಸಹಾಯ ಬೇಕು: ಕಲಬುರಗಿಯಲ್ಲಿ ಕೂತು ಬರ್ಲಿನ್ ಮನೆಯನ್ನು ಒಳಬಾಡಿಗೆಗೆ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತೇನೆ. ಅವ್ವನ ಆಪರೇಷನ್ ಅಂತ ಕಲಬುರಗಿಗೆ ಬಂದಿದ್ದೇನೆ. ಇನ್ನೂ ಕೆಲವು ತಿಂಗಳು ಅವಳನ್ನು ಬಿಟ್ಟು ಹೋಗುವ ಹಾಗಿಲ್ಲ. ಅಲ್ಲಿ ಖಾಲಿ ಮನೆಗೆ ಸುಮ್ನೆ ಬಾಡಿಗೆ ಕಟ್ಟುತ್ತಿದ್ದೇನೆ. ಬೀದರ್ ಕಡೆಯ ಹುಡುಗನೊಬ್ಬ ಓದಲು ಅಲ್ಲಿಗೆ ಹೋಗಿದ್ದಾನೆ, ಪಾಪ, ಮನೆ ಸಿಗದೆ ಒದ್ದಾಡುತ್ತಿದ್ದಾನೆ. ಅವನಿಗೇ ಕೊಡೋಣ ಅಂತಿದ್ದೇನೆ.

ಮಾಲೀಕರ ಒಪ್ಪಿಗೆ ಇಲ್ಲದೆ ಕೊಟ್ಟರೆ ನನ್ನ ಕರಾರಿಗೇ ಕುತ್ತು. ಜರ್ಮನ್ ಸಿವಿಲ್ ಕೋಡಿನ 553ನೇ ಕಲಂ ಪ್ರಕಾರ, ಸರಿಯಾದ ಕಾರಣ ಇದ್ದು ಮನೆಯ ಒಂದು ಭಾಗ ಮಾತ್ರ ಕೊಡುವುದಾದರೆ ಒಪ್ಪಿಗೆ ಕೇಳುವ ಹಕ್ಕು ಬಾಡಿಗೆದಾರನಿಗೆ ಇದೆ. ನನ್ನದು ಒಂದೇ ರೂಮಿನ ಮನೆ. ಅಂಥ ಮನೆಗೂ ಈ ಹಕ್ಕು ಅನ್ವಯಿಸಬಹುದು ಅಂತ ಅಲ್ಲಿನ ಫೆಡರಲ್ ಕೋರ್ಟ್ 2023ರಲ್ಲಿ ಹೇಳಿದೆ. ಆ ಕೇಸಿನ ಬಾಡಿಗೆದಾರ ಕಪಾಟಿನಲ್ಲಿ ತನ್ನ ಸಾಮಾನು ಬಿಟ್ಟು, ಒಂದು ಕೀಲಿ ತನ್ನ ಹತ್ತಿರ ಇಟ್ಟುಕೊಂಡಿದ್ದ. ನನ್ನ ಬಟ್ಟೆಬರೆ, ಪುಸ್ತಕ ಕೂಡ ಅಲ್ಲೇ ಇವೆ.

ಹುಡುಗನ ಹೆಸರು, ಕಾರಣ, ಅವಧಿ ಬರೆದು ಮಾಲೀಕರಿಗೆ ಮೇಲ್ ಹಾಕಿದೆ. ಉತ್ತರವೇ ಇಲ್ಲ. ಇಲ್ಲಿ ಕೋರ್ಟ್ ಹತ್ತಿರದ ನೋಟರಿಯವರನ್ನು ಕೇಳಿದರೆ, ಸ್ಟಾಂಪ್ ಪೇಪರ್ ಮೇಲಿನ 11 ತಿಂಗಳ ಕರಾರು ಬಿಟ್ಟು ಬೇರೆ ಗೊತ್ತಿಲ್ಲ ಅಂದರು.

ಹುಡುಗ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮನೆ ಕೊಟ್ಟವರ ದೃಢೀಕರಣ ಪತ್ರ ಬೇಕು. ಕೊಡುವವನು ನಾನೇ, ಆದರೆ ಇರುವುದು ಕಲಬುರಗಿಯಲ್ಲಿ.

ಜರ್ಮನಿಯಲ್ಲಿ ಹೀಗೆ ಮನೆ ಕೊಟ್ಟವರು ದಯವಿಟ್ಟು ಹೇಳಿ: ನಾನು ಇಲ್ಲಿ ಸಹಿ ಹಾಕಿ ಸ್ಕ್ಯಾನ್ ಕಳಿಸಿದರೆ ನೋಂದಣಿ ಕಚೇರಿಯವರು ಒಪ್ಪುತ್ತಾರಾ, ಇಲ್ಲಾ ಮೂಲ ಪತ್ರವೇ ಅಂಚೆಯಲ್ಲಿ ಹೋಗಬೇಕಾ? ಮಾಲೀಕರು ಸುಮ್ಮನಿದ್ದರೆ ಮುಂದೆ ಯಾವ ರೀತಿಯ ಪತ್ರ ಕಳಿಸಬೇಕು?